ಶಿಕ್ಷಕರು ವಿಧಾನಸಭೆಗೆ ಸ್ಪರ್ಧಿಸುವುದಾದರೆ: ಕೊಡಗಿನ ಅಧ್ಯಾಪಕರಿಗೊಂದು ಮಾರ್ಗದರ್ಶಿ

ಕೊಡಗಿನಲ್ಲಿ ಈಗ ವಿಧಾನಸಭಾ ಕ್ಷೇತ್ರಗಳು ಎರಡೇ, ಮಡಿಕೇರಿ ಮತ್ತು ವಿರಾಜಪೇಟೆ. 2008ರ ಚುನಾವಣೆಯಲ್ಲಿ ಹೊಸ ಕ್ಷೇತ್ರ ವಿಂಗಡಣೆ ಜಾರಿಗೆ ಬರುವವರೆಗೆ ಸೋಮವಾರಪೇಟೆಯೂ ಬೇರೆ ಕ್ಷೇತ್ರವಾಗಿತ್ತು, ವಿರಾಜಪೇಟೆ ಪರಿಶಿಷ್ಟ ಪಂಗಡಕ್ಕೆ ಮೀಸಲಾಗಿತ್ತು. ಇಂದು ಎರಡೂ ಸಾಮಾನ್ಯ ಕ್ಷೇತ್ರಗಳು. 2023ರಲ್ಲಿ ಎರಡರಲ್ಲಿಯೂ ಗೆಲುವಿನ ಅಂತರ ಐದು ಸಾವಿರ ಮತಗಳನ್ನು ದಾಟಲಿಲ್ಲ. ಇಷ್ಟು ಚಿಕ್ಕ ಜಿಲ್ಲೆಯಲ್ಲಿ, ಇಷ್ಟು ಕಡಿಮೆ ಅಂತರದಲ್ಲಿ ಫಲಿತಾಂಶ ನಿರ್ಧಾರವಾಗುವಾಗ, ಇಪ್ಪತ್ತು ಮೂವತ್ತು ವರ್ಷ ಪಾಠ ಹೇಳಿ ಮೂರು ತಾಲ್ಲೂಕಿನ ಮನೆಮನೆಗೂ ಪರಿಚಿತರಾದ ಮೇಷ್ಟ್ರನ್ನೋ ಟೀಚರನ್ನೋ ಹಳೆಯ ವಿದ್ಯಾರ್ಥಿಗಳು ಮದುವೆ ಮನೆಯಲ್ಲಿ ತಡೆದು ನಿಲ್ಲಿಸಿ, "ನೀವೇ ಯಾಕೆ ನಿಲ್ಲಬಾರದು?" ಎಂದು ಕೇಳುವುದು ಸಹಜ. ಆ ಪ್ರಶ್ನೆಯನ್ನು ಮನಸ್ಸಿಗೆ ತೆಗೆದುಕೊಂಡವರಿಗಾಗಿ ಈ ಬರಹ. ನಾನು ಪ್ರೌಢಶಾಲೆಯಲ್ಲಿ ಕೆಲಸ ಮಾಡಿ ನಿವೃತ್ತನಾದವನು. ಹಲವು ಚುನಾವಣೆಗಳಲ್ಲಿ ಮತಗಟ್ಟೆ ಅಧ್ಯಕ್ಷಾಧಿಕಾರಿಯಾಗಿ ಪೆಟ್ಟಿಗೆ ಹೊತ್ತು ಜೀಪು ಹತ್ತಿದವನು. ಶಿಕ್ಷಕರು ಚುನಾವಣೆಗೆ ನಿಲ್ಲಬೇಕೆಂಬುದು ನನ್ನ ಮನಃಪೂರ್ವಕ ಆಸೆ. ಆದರೆ ಶಾಲೆಯಿಂದ ಹೊರಬರುವುದನ್ನು ಮೊದಲು ಸರಿಯಾಗಿ ಮಾಡಬೇಕು. ಅಲ್ಲಿ ತಪ್ಪಿದರೆ ಮುಂದಿನದ್ದೆಲ್ಲ ವ್ಯರ್ಥ.

ಮೊದಲ ಹೆಜ್ಜೆ: ನಿಮ್ಮ ಹುದ್ದೆ ಯಾವ ಬಗೆಯದೆಂದು ತಿಳಿಯಿರಿ

ವಿಧಾನಸಭೆಗೆ ಸ್ಪರ್ಧಿಸಲು ಸಂವಿಧಾನದ 173ನೇ ವಿಧಿ ಕೇಳುವುದು ಹೆಚ್ಚೇನಿಲ್ಲ. ಭಾರತದ ಪ್ರಜೆಯಾಗಿರಬೇಕು, 25 ವರ್ಷ ತುಂಬಿರಬೇಕು, ನಿಗದಿತ ಪ್ರಮಾಣವಚನ ಸ್ವೀಕರಿಸಬೇಕು. ಇದರ ಜೊತೆಗೆ ರಾಜ್ಯದ ಯಾವುದಾದರೂ ಒಂದು ವಿಧಾನಸಭಾ ಕ್ಷೇತ್ರದ ಮತದಾರರ ಪಟ್ಟಿಯಲ್ಲಿ ಹೆಸರಿರಬೇಕೆಂದು 1951ರ ಜನಪ್ರತಿನಿಧಿ ಕಾಯ್ದೆ ಹೇಳುತ್ತದೆ. ಹೀಗಾಗಿ ಹಾಸನದಿಂದಲೋ ಪಿರಿಯಾಪಟ್ಟಣದಿಂದಲೋ ವರ್ಗವಾಗಿ ಬಂದು ಇನ್ನೂ ಊರಿನ ಪಟ್ಟಿಯಲ್ಲೇ ಹೆಸರಿಟ್ಟುಕೊಂಡಿರುವ ಶಿಕ್ಷಕರೂ ಇಲ್ಲಿ ಸ್ಪರ್ಧಿಸಬಹುದು. ನಾಮಪತ್ರದ ಜೊತೆಗೆ ಆ ಪಟ್ಟಿಯ ದೃಢೀಕೃತ ಪ್ರತಿ ಕೊಡಬೇಕು, ಅಷ್ಟೇ.

ತೊಡಕಿರುವುದು 191ನೇ ವಿಧಿಯಲ್ಲಿ. ಕೇಂದ್ರ ಅಥವಾ ರಾಜ್ಯ ಸರ್ಕಾರದ ಅಡಿಯಲ್ಲಿ ಲಾಭದಾಯಕ ಹುದ್ದೆ ಹೊಂದಿರುವವರು ಶಾಸಕರಾಗಲು ಅನರ್ಹರು. ಸರ್ಕಾರಿ ಪ್ರಾಥಮಿಕ ಶಾಲೆ, ಪ್ರೌಢಶಾಲೆ, ಪದವಿಪೂರ್ವ ಕಾಲೇಜು, ಪ್ರಥಮ ದರ್ಜೆ ಕಾಲೇಜುಗಳಲ್ಲಿ ಕಾಯಂ ಹುದ್ದೆಯಲ್ಲಿರುವ ಎಲ್ಲರಿಗೂ ಇದು ಅನ್ವಯಿಸುತ್ತದೆ. ಇದರಲ್ಲಿ ವಾದಕ್ಕೆ ಆಸ್ಪದವಿಲ್ಲ. ರಜೆ ಹಾಕಿ ನಿಲ್ಲುತ್ತೇನೆ, ಸಂಬಳರಹಿತ ರಜೆಯಲ್ಲಿರುತ್ತೇನೆ ಎಂಬುದೂ ನಡೆಯುವುದಿಲ್ಲ, ಏಕೆಂದರೆ ರಜೆಯಲ್ಲಿದ್ದರೂ ಹುದ್ದೆ ನಿಮ್ಮದೇ ಆಗಿರುತ್ತದೆ. ಖಾಸಗಿ ಅನುದಾನರಹಿತ ಶಾಲೆಯ ಶಿಕ್ಷಕರಿಗೆ ಈ ತೊಡಕಿಲ್ಲ. ಅವರು ಆಡಳಿತ ಮಂಡಳಿಯೊಡನೆ ಮಾತನಾಡಿ, ಲಿಖಿತವಾಗಿ ರಜೆಯನ್ನೋ ಒಪ್ಪಿಗೆಯನ್ನೋ ಪಡೆದುಕೊಂಡರೆ ಸಾಕು.

ಅನುದಾನಿತ ಶಾಲೆ ಕಾಲೇಜುಗಳವರದು, ವಿಶ್ವವಿದ್ಯಾಲಯದವರದು, ಅತಿಥಿ ಶಿಕ್ಷಕರದು ನಡುವಿನ ಪರಿಸ್ಥಿತಿ. ಸಂಬಳ ಸರ್ಕಾರದ ಖಜಾನೆಯಿಂದ ಬರುತ್ತದೆ ಎಂಬ ಒಂದೇ ಕಾರಣಕ್ಕೆ ಹುದ್ದೆ ಸರ್ಕಾರದ್ದಾಗುವುದಿಲ್ಲ. 1971ರಲ್ಲಿ ಶಿವಮೂರ್ತಿ ಸ್ವಾಮಿ ಇನಾಮದಾರ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಕೆಲವು ಪ್ರಶ್ನೆಗಳನ್ನು ಮುಂದಿಟ್ಟಿತು: ನೇಮಕ ಮಾಡುವವರು ಸರ್ಕಾರವೇ, ತೆಗೆದುಹಾಕುವ ಅಧಿಕಾರ ಸರ್ಕಾರಕ್ಕಿದೆಯೇ, ಸಂಭಾವನೆ ಸರ್ಕಾರ ಕೊಡುತ್ತದೆಯೇ, ಮಾಡುವ ಕೆಲಸ ಸರ್ಕಾರದ ಪರವಾದದ್ದೇ, ಆ ಕೆಲಸದ ಮೇಲೆ ಸರ್ಕಾರದ ನಿಯಂತ್ರಣವಿದೆಯೇ. ನಿಮ್ಮ ನೇಮಕಾತಿ ಆದೇಶವನ್ನು ಎದುರಿಗಿಟ್ಟುಕೊಂಡು ಈ ಐದಕ್ಕೂ ಉತ್ತರ ಬರೆಯಿರಿ, ಸಂಸ್ಥೆಯ ಸೇವಾ ನಿಯಮಗಳಲ್ಲಿ ಚುನಾವಣೆಯ ಬಗ್ಗೆ ಏನಿದೆಯೆಂದು ನೋಡಿ, ಬಳಿಕ ಚುನಾವಣಾ ತಕರಾರು ಅರ್ಜಿಗಳನ್ನು ನಡೆಸಿ ಬಲ್ಲ ವಕೀಲರಿಗೆ ಅದನ್ನು ತೋರಿಸಿ. ಸಂಶಯ ಉಳಿದರೆ ರಾಜೀನಾಮೆಯೇ ಕ್ಷೇಮವೆಂಬುದು ನನ್ನ ಅಭಿಪ್ರಾಯ. ಗೆದ್ದ ಮೇಲೆ ಹೈಕೋರ್ಟಿನಲ್ಲಿ ಆಯ್ಕೆ ಅಸಿಂಧುವಾದರೆ, ನಷ್ಟ ನಿಮ್ಮೊಬ್ಬರದಲ್ಲ, ನಿಮಗೆ ಮತ ಹಾಕಿದವರದೂ ಹೌದು.

ಎರಡನೇ ಹೆಜ್ಜೆ: ಹುದ್ದೆ ಬಿಡುವ ಕ್ರಮ

ಇಡೀ ಪ್ರಯಾಣದಲ್ಲಿ ಅತ್ಯಂತ ಕಠಿಣವಾದ ಘಟ್ಟ ಇದೇ. ಕರ್ನಾಟಕದ ಸರ್ಕಾರಿ ನೌಕರರು ಹದಿನೈದು ವರ್ಷ ಅರ್ಹತಾ ಸೇವೆ ಮುಗಿಸಿದ್ದರೆ ಮೂರು ತಿಂಗಳ ಮುಂಗಡ ನೋಟಿಸು ಕೊಟ್ಟು ಸ್ವಯಂ ನಿವೃತ್ತಿ ಪಡೆಯಬಹುದು. ಸೇವೆಗೆ ತಕ್ಕ ನಿವೃತ್ತಿ ಸೌಲಭ್ಯ ಉಳಿಯುತ್ತದೆ. ಅಷ್ಟು ಸೇವೆಯಾಗದವರು ರಾಜೀನಾಮೆ ಕೊಡಬೇಕಾಗುತ್ತದೆ, ಮತ್ತು ಹಳೆಯ ಪಿಂಚಣಿ ಪದ್ಧತಿಯಲ್ಲಿ ರಾಜೀನಾಮೆ ಎಂದರೆ ಹಿಂದಿನ ಸೇವೆಯೆಲ್ಲ ಲೆಕ್ಕದಿಂದ ಹೋದಂತೆ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿ ಹೊಸ ಪಿಂಚಣಿ ಪದ್ಧತಿಯಾದ ಎನ್‌ಪಿಎಸ್‌ನಲ್ಲಿರುವವರ ಖಾತೆ ಅವರ ಹೆಸರಿನಲ್ಲೇ ಇರುತ್ತದೆ, ಆದರೆ ಅವಧಿಗೆ ಮುನ್ನ ಹೊರಬಂದಾಗ ಕೈಗೆ ಸಿಗುವುದೆಷ್ಟು, ಪಿಂಚಣಿ ಕೊಡುವ ವರ್ಷಾಶನ ಯೋಜನೆಗೆ ಹೋಗುವುದೆಷ್ಟು ಎಂಬುದನ್ನು ಖಜಾನೆಯಲ್ಲಿ ವಿಚಾರಿಸಿ ಕಾಗದದ ಮೇಲೆ ಬರೆಸಿಕೊಳ್ಳಿ. ಈ ಕಾಗದವನ್ನು ಮನೆಯವರೊಡನೆ ಕೂತು ಓದಿ. ಮಕ್ಕಳ ಓದು, ಮನೆ ಸಾಲ, ತೋಟದ ಸಾಲ ಇವೆಲ್ಲದರ ನಡುವೆ ಆ ಅಂಕಿಗಳನ್ನು ನೋಡಿಯೂ ಹೆಂಡತಿಯೋ ಗಂಡನೋ "ಆಗಲಿ" ಎಂದರೆ ಮಾತ್ರ ಮುಂದಿನ ಮಾತು.

ಪತ್ರವನ್ನು ಮುಖ್ಯೋಪಾಧ್ಯಾಯರು ಮತ್ತು ಕ್ಷೇತ್ರ ಶಿಕ್ಷಣಾಧಿಕಾರಿ (ಬಿಇಒ) ಮೂಲಕ ನೇಮಕಾತಿ ಪ್ರಾಧಿಕಾರಕ್ಕೆ ಸಲ್ಲಿಸಿ, ಪ್ರತಿಯ ಮೇಲೆ ಮೊಹರು ಹಾಕಿಸಿಕೊಂಡು ಸ್ವೀಕೃತಿ ಪಡೆಯಿರಿ. ಪತ್ರ ಕೊಟ್ಟರಷ್ಟೇ ಸಾಲದು, ಅದು ಅಂಗೀಕಾರವಾಗಿ, ಬಿಡುಗಡೆ ಆದೇಶ ಕೈಸೇರಿರಬೇಕು. ನಾಮಪತ್ರ ಪರಿಶೀಲನೆಯ ದಿನ ನೀವು ಹುದ್ದೆಯಲ್ಲಿ ಇರಬಾರದು. ಮಧ್ಯಪ್ರದೇಶದಲ್ಲಿ ಡೆಪ್ಯುಟಿ ಕಲೆಕ್ಟರ್ ಆಗಿದ್ದ ನಿಶಾ ಬಾಂಗ್ರೆ 2023ರ ಜೂನ್‌ನಲ್ಲಿ ರಾಜೀನಾಮೆ ಕೊಟ್ಟರು. ಅದು ಅಂಗೀಕಾರವಾದದ್ದು ಅಕ್ಟೋಬರ್ ಕೊನೆಯ ಭಾಗದಲ್ಲಿ. ಅಷ್ಟರಲ್ಲಿ ಅವರು ನಿಲ್ಲಬಯಸಿದ್ದ ಆಮ್ಲಾ ಕ್ಷೇತ್ರಕ್ಕೆ ಕಾಂಗ್ರೆಸ್ ಬೇರೊಬ್ಬರ ಹೆಸರನ್ನು ಪ್ರಕಟಿಸಿ ಆಗಿತ್ತು. ಇಲಾಖಾ ವಿಚಾರಣೆ ಬಾಕಿಯಿರುವವರ, ಸರ್ಕಾರಕ್ಕೆ ಹಣ ಕಟ್ಟುವುದಿರುವವರ ಅರ್ಜಿ ಹೀಗೆ ಮೇಜಿನಿಂದ ಮೇಜಿಗೆ ಅಲೆಯುವುದು ಎಲ್ಲೆಡೆ ಇದ್ದದ್ದೇ. ಬಿಸಿಯೂಟದ ದಾಸ್ತಾನು, ಪ್ರಯೋಗಾಲಯದ ಸಾಮಗ್ರಿ, ಶಾಲಾಭಿವೃದ್ಧಿ ಸಮಿತಿಯ (ಎಸ್‌ಡಿಎಂಸಿ) ಲೆಕ್ಕ, ಗ್ರಂಥಾಲಯದ ಪುಸ್ತಕ ಎಲ್ಲದರ ಪ್ರಭಾರ ವಹಿಸಿಕೊಟ್ಟು ಪಟ್ಟಿಗೆ ಸಹಿ ಹಾಕಿಸಿಕೊಳ್ಳಿ.

ದಿನಗಳ ಲೆಕ್ಕ ಹಾಕಿ ನೋಡಿ. 2023ರಲ್ಲಿ ಅಧಿಸೂಚನೆ ಹೊರಬಿದ್ದದ್ದು ಏಪ್ರಿಲ್ 13ರಂದು, ನಾಮಪತ್ರಕ್ಕೆ ಕೊನೆಯ ದಿನ 20, ಪರಿಶೀಲನೆ 21, ಹಿಂತೆಗೆತ 24, ಮತದಾನ ಮೇ 10, ಎಣಿಕೆ ಮೇ 13. ಕಾಂಗ್ರೆಸ್ಸಿನ ಮೊದಲ ಪಟ್ಟಿ ಬಂದದ್ದು ಮಾರ್ಚ್ 25ಕ್ಕೆ, ಬಿಜೆಪಿಯದು ಏಪ್ರಿಲ್ 11ಕ್ಕೆ. ಮೂರು ತಿಂಗಳ ನೋಟಿಸು ಕೊಡಬೇಕಾದವರು ಡಿಸೆಂಬರ್ ಹೊತ್ತಿಗೇ, ಅಂದರೆ ಪುತ್ತರಿ ಸುಗ್ಗಿ ಹಬ್ಬ ಮುಗಿದು ಕಾಫಿ ಕೊಯ್ಲು ಶುರುವಾಗುವ ಕಾಲಕ್ಕೇ, ಪತ್ರ ಕೊಟ್ಟಿರಬೇಕಾಗಿತ್ತು. ಟಿಕೆಟ್ ಸಿಗುವುದೋ ಇಲ್ಲವೋ ಗೊತ್ತಾಗುವ ಮೊದಲೇ ನೌಕರಿ ಬಿಡಬೇಕು ಎಂಬುದು ಇದರ ಅರ್ಥ. ಸದ್ಯದ ವಿಧಾನಸಭೆಯ ಅವಧಿ ಮುಗಿಯುವುದು 2028ರ ಮೇ ತಿಂಗಳಲ್ಲಿ. ಸ್ಪರ್ಧಿಸುವ ಮನಸ್ಸಿದ್ದರೆ 2027ರ ದಸರಾ ರಜೆಯೊಳಗೆ ತೀರ್ಮಾನ ಆಗಿರಲಿ. ಟಿಕೆಟ್ ಕೊಡಿಸುತ್ತೇವೆಂಬ ಯಾರದೋ ಮಾತನ್ನು ನಂಬಿ ಪತ್ರ ಬರೆಯಬೇಡಿ. ಟಿಕೆಟ್ ಸಿಗದಿದ್ದರೂ ಪಶ್ಚಾತ್ತಾಪ ಪಡುವುದಿಲ್ಲವೆಂಬ ಧೈರ್ಯ ಇದ್ದರೆ ಬರೆಯಿರಿ.

ಹುದ್ದೆಯಲ್ಲಿರುವಷ್ಟು ದಿನ ಪಕ್ಷದ ಸಭೆ, ಸದಸ್ಯತ್ವ, ಪ್ರಚಾರ ಯಾವುದೂ ಕೂಡದು. 2021ರ ನಡತೆ ನಿಯಮಗಳು ಇದನ್ನು ಸ್ಪಷ್ಟವಾಗಿ ನಿಷೇಧಿಸುತ್ತವೆ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಹಾಕಿದ ಒಂದು ಫಲಕವೂ ಶಿಸ್ತುಕ್ರಮಕ್ಕೆ ದಾರಿಯಾಗಬಹುದು, ಶಿಸ್ತುಕ್ರಮ ಶುರುವಾದರೆ ಅಂಗೀಕಾರ ಇನ್ನಷ್ಟು ತಡವಾಗಬಹುದು.

ಮೂರನೇ ಹೆಜ್ಜೆ: ಕೆಳಮನೆಯೋ ಮೇಲ್ಮನೆಯೋ

ಶಿಕ್ಷಕರಿಗೆಂದೇ ಇರುವ ಇನ್ನೊಂದು ಬಾಗಿಲನ್ನೂ ನೋಡಬೇಕು. 75 ಸ್ಥಾನಗಳ ವಿಧಾನ ಪರಿಷತ್ತಿನಲ್ಲಿ ಏಳು ಶಿಕ್ಷಕರ ಕ್ಷೇತ್ರಗಳಿವೆ. ಕೊಡಗು ಸೇರಿರುವುದು ದಕ್ಷಿಣ ಕನ್ನಡ, ಉಡುಪಿ, ಶಿವಮೊಗ್ಗ, ಚಿಕ್ಕಮಗಳೂರುಗಳೊಂದಿಗೆ ನೈಋತ್ಯ ಶಿಕ್ಷಕರ ಕ್ಷೇತ್ರಕ್ಕೆ. ಹಿಂದಿನ ಆರು ವರ್ಷಗಳಲ್ಲಿ ಒಟ್ಟು ಮೂರು ವರ್ಷವಾದರೂ ಪ್ರೌಢಶಾಲೆ ಅಥವಾ ಅದಕ್ಕೆ ಮೇಲ್ಪಟ್ಟ ಸಂಸ್ಥೆಯಲ್ಲಿ ಪಾಠ ಮಾಡಿದವರು ಅದರ ಮತದಾರರು. ಪ್ರಾಥಮಿಕ ಶಾಲೆಯ ಶಿಕ್ಷಕರಿಗೆ ಅಲ್ಲಿ ಮತವಿಲ್ಲ, ಇದು ನನಗೆ ಇಂದಿಗೂ ಅನ್ಯಾಯವೆಂದೇ ತೋರುತ್ತದೆ. ಅಭ್ಯರ್ಥಿಗೆ 30 ವರ್ಷವಾಗಿರಬೇಕು. ಲಾಭದಾಯಕ ಹುದ್ದೆಯ ನಿರ್ಬಂಧ ಅಲ್ಲಿಯೂ ಹಾಗೆಯೇ ಇದೆ. ಹುಬ್ಬಳ್ಳಿಯಲ್ಲಿ ದೈಹಿಕ ಶಿಕ್ಷಕರಾಗಿದ್ದ ಬಸವರಾಜ ಹೊರಟ್ಟಿಯವರು ಪಶ್ಚಿಮ ಶಿಕ್ಷಕರ ಕ್ಷೇತ್ರದಿಂದ 1980ರಲ್ಲಿ ಮೊದಲು ಗೆದ್ದು, 2022ರಲ್ಲಿ ಎಂಟನೇ ಬಾರಿ ಆಯ್ಕೆಯಾದದ್ದನ್ನು ನೋಡಿದರೆ ಆ ದಾರಿ ಎಷ್ಟು ದೂರ ಕರೆದೊಯ್ಯಬಲ್ಲದು ಎಂಬುದು ತಿಳಿಯುತ್ತದೆ. ಆದರೆ ನೈಋತ್ಯ ಕ್ಷೇತ್ರದಲ್ಲಿ ಕೊಡಗಿನ ಮತಗಳು ಚಿಕ್ಕ ಪಾಲು, ಮತ್ತು 2024ರ ಜೂನ್‌ನಲ್ಲಿ ಚುನಾವಣೆ ಮುಗಿದಿರುವುದರಿಂದ ಮುಂದಿನದು 2030ಕ್ಕೆ. ವೇತನ, ವರ್ಗಾವಣೆ, ಪಿಂಚಣಿಗಳ ಹೋರಾಟ ನಿಮ್ಮ ಮುಖ್ಯ ಕಾಳಜಿಯಾಗಿದ್ದರೆ ಅದಕ್ಕೆ ಕಾಯಿರಿ. ಜಿಲ್ಲೆಯ ರಸ್ತೆ, ಆನೆ, ಆಸ್ಪತ್ರೆ, ಆದಿವಾಸಿ ಹಾಡಿಗಳ ವಿಷಯ ಮನಸ್ಸಿನಲ್ಲಿದ್ದರೆ ವಿಧಾನಸಭೆಯೇ ಸರಿ.

ನಾಲ್ಕನೇ ಹೆಜ್ಜೆ: ನಾಮಪತ್ರ

ಮಾನ್ಯತೆ ಪಡೆದ ಪಕ್ಷದ ಅಭ್ಯರ್ಥಿಗೆ ಹೆಸರು ಸೂಚಿಸಿ ಸಹಿ ಹಾಕುವ ಒಬ್ಬ ಸೂಚಕರು ಸಾಕು, ಪಕ್ಷೇತರರಿಗೆ ಹತ್ತು ಮಂದಿ ಬೇಕು. ಹತ್ತೂ ಮಂದಿ ಅದೇ ಕ್ಷೇತ್ರದ ಮತದಾರರಾಗಿರಬೇಕು. ಕೊಡಗಿನಲ್ಲಿ ಇಲ್ಲೊಂದು ಎಡವು ಇದೆ: ಮಡಿಕೇರಿ ತಾಲ್ಲೂಕಿನ ಒಂದು ಭಾಗ ವಿರಾಜಪೇಟೆ ಕ್ಷೇತ್ರಕ್ಕೆ ಸೇರಿದೆ. ತಾಲ್ಲೂಕಿನ ಹೆಸರು ನಂಬಿ ಸೂಚಕರನ್ನು ಆರಿಸಬೇಡಿ, ಒಬ್ಬೊಬ್ಬರ ಭಾಗ ಸಂಖ್ಯೆ ಮತ್ತು ಕ್ರಮ ಸಂಖ್ಯೆಯನ್ನು ಇತ್ತೀಚಿನ ಪಟ್ಟಿಯಲ್ಲಿ ಕಣ್ಣಾರೆ ನೋಡಿ ಬರೆದುಕೊಳ್ಳಿ. ಠೇವಣಿ ₹10,000, ಪರಿಶಿಷ್ಟ ಜಾತಿ, ಪಂಗಡದವರಿಗೆ ₹5,000. ಚಲಾವಣೆಯಾದ ಸಿಂಧು ಮತಗಳ ಆರನೇ ಒಂದು ಭಾಗಕ್ಕಿಂತ ಹೆಚ್ಚು ಬರದಿದ್ದರೆ ಅದು ಮುಟ್ಟುಗೋಲು. 1,68,000 ಸಿಂಧು ಮತಗಳಿದ್ದರೆ 28,000 ದಾಟಬೇಕೆಂದು ಲೆಕ್ಕ.

ಶಿಕ್ಷಕರು ಅತಿ ಹೆಚ್ಚು ಎಚ್ಚರ ವಹಿಸಬೇಕಾದದ್ದು ನಮೂನೆ 26ರ ಪ್ರಮಾಣ ಪತ್ರದಲ್ಲಿ. ನಿಮ್ಮ, ನಿಮ್ಮ ಸಂಗಾತಿಯ, ಅವಲಂಬಿತರ ಆಸ್ತಿ, ಸಾಲ, ಐದು ವರ್ಷದ ಆದಾಯ, ಪ್ಯಾನ್, ಪ್ರಕರಣಗಳು, ವಿದ್ಯಾರ್ಹತೆ ಎಲ್ಲವೂ ಅದರಲ್ಲಿ ಇರಬೇಕು. ಯಾವ ಅಂಕಣವನ್ನೂ ಖಾಲಿ ಬಿಡಬಾರದು. ಖಾಲಿ ಬಿಟ್ಟ ಅಂಕಣವನ್ನು ತುಂಬಲು ಚುನಾವಣಾಧಿಕಾರಿ ಸೂಚಿಸಿದ ಮೇಲೂ ತುಂಬದಿದ್ದರೆ ನಾಮಪತ್ರ ತಿರಸ್ಕರಿಸಬಹುದೆಂದು 2013ರಲ್ಲಿ ಸುಪ್ರೀಂ ಕೋರ್ಟ್ ಹೇಳಿದೆ. ಏನೂ ಇಲ್ಲದ ಕಡೆ "ಇಲ್ಲ" ಎಂದೋ "ಅನ್ವಯಿಸುವುದಿಲ್ಲ" ಎಂದೋ ಬರೆಯಿರಿ. ಹಿಂದಿನ ಹತ್ತು ವರ್ಷಗಳಲ್ಲಿ ಸರ್ಕಾರಿ ವಸತಿಗೃಹದಲ್ಲಿ ಇದ್ದಿದ್ದರೆ ಬಾಡಿಗೆ, ನೀರು, ವಿದ್ಯುತ್, ದೂರವಾಣಿ ಬಾಕಿ ಇಲ್ಲವೆಂಬ ಪತ್ರವೂ ಬೇಕು. ಎರಡು ಮೂರು ಕಡೆ ಕೆಲಸ ಮಾಡಿದವರಿಗೆ ಇದು ವಾರಗಟ್ಟಲೆ ಓಡಾಟದ ಕೆಲಸ. ಇನ್ನು ಕೊಡಗಿನಲ್ಲಷ್ಟೇ ಎದುರಾಗುವ ಕಷ್ಟವೆಂದರೆ ತಲೆಮಾರುಗಳಿಂದ ಮನೆತನದ ಜಂಟಿ ಒಡೆತನದಲ್ಲಿರುವ ಜಮ್ಮಾ ಭೂಮಿ. ಪಹಣಿಯಲ್ಲಿ ಪಟ್ಟೆದಾರರ ಹೆಸರಿನ ಜೊತೆ ಒಕ್ಕದ, ಅಂದರೆ ಮನೆತನದ, ಹತ್ತಾರು ಹೆಸರುಗಳಿರುತ್ತವೆ, ಅನುಭವಿಸುತ್ತಿರುವುದು ಒಂದು ಮೂಲೆಯ ಎರಡು ಎಕರೆ ಮಾತ್ರ. ಅಂಥದ್ದನ್ನು ಬಿಟ್ಟುಬಿಡುವುದೂ ತಪ್ಪು, ಇಡೀ ವಿಸ್ತೀರ್ಣವನ್ನು ತನ್ನದೆಂದು ಬರೆಯುವುದೂ ತಪ್ಪು. ಜಂಟಿ ಒಡೆತನವೆಂದು ನಮೂದಿಸಿ, ಸರ್ವೆ ನಂಬರು, ಒಟ್ಟು ವಿಸ್ತೀರ್ಣ, ನಿಮ್ಮ ಪಾಲಿನ ಅಂದಾಜು ಮೂರನ್ನೂ ಬರೆಯಿರಿ.

ನಾಮಪತ್ರ ಸ್ವೀಕರಿಸುವುದು ಬೆಳಿಗ್ಗೆ 11ರಿಂದ ಮಧ್ಯಾಹ್ನ 3ರವರೆಗೆ. ಒಂದು ವರ್ಷ ನನ್ನನ್ನು ಸಹಾಯಕ ಮೇಜಿಗೆ ನಿಯೋಜಿಸಿದ್ದರು. ಕೊನೆಯ ದಿನ ಮೂರಕ್ಕೆ ಹತ್ತು ನಿಮಿಷವಿರುವಾಗ ಒಬ್ಬರು ಪಕ್ಷೇತರ ಅಭ್ಯರ್ಥಿ ಬೆವರುತ್ತ ಬಂದರು. ಕಡತ ಬಿಚ್ಚಿದರೆ ಎಲ್ಲವೂ ಇತ್ತು, ಆದರೆ ಒಂಬತ್ತನೇ ಸೂಚಕರ ಕ್ರಮ ಸಂಖ್ಯೆಯ ಜಾಗದಲ್ಲಿ ಪೆನ್ಸಿಲಿನಿಂದ ಹಾಕಿದ ಒಂದು ಪ್ರಶ್ನಾರ್ಥಕ ಚಿಹ್ನೆ ಮಾತ್ರ ಇತ್ತು. ಪಟ್ಟಿಯ ಹಾಳೆ ತಿರುವುತ್ತ ಅವರ ಬೆರಳು ನಡುಗುತ್ತಿದ್ದುದು ನನಗೆ ಇನ್ನೂ ನೆನಪಿದೆ. ಸಂಖ್ಯೆ ಸಿಕ್ಕಿತು, ಗಡಿಯಾರವೂ ಕಾಯಿತು; ಆದರೆ ಆ ಹತ್ತು ನಿಮಿಷ ಯಾರಿಗೂ ಬೇಡ. ಮೊದಲ ಎರಡು ದಿನಗಳಲ್ಲೇ ಒಂದು ಪ್ರತಿ ಸಲ್ಲಿಸಿ. ನಾಲ್ಕು ಪ್ರತಿಗಳವರೆಗೆ ಅವಕಾಶವಿರುವುದರಿಂದ ಒಂದರಲ್ಲಿ ತಪ್ಪಾದರೆ ಇನ್ನೊಂದು ಕಾಪಾಡುತ್ತದೆ. ನೀವು ತನ್ನ ಅಭ್ಯರ್ಥಿಯೆಂದು ಪಕ್ಷ ದೃಢಪಡಿಸುವ ಎ ಮತ್ತು ಬಿ ಫಾರಂ ಕೊನೆಯ ದಿನ ಮೂರು ಗಂಟೆಯೊಳಗೆ ತಲುಪಿರಬೇಕು. ನಾಮಪತ್ರ ಕೊಟ್ಟ ತಕ್ಷಣ ಚುನಾವಣಾಧಿಕಾರಿಯ ಎದುರು ಪ್ರಮಾಣವಚನ ಸ್ವೀಕರಿಸಿ ಅದರ ಪತ್ರ ಪಡೆಯದೆ ಕೊಠಡಿಯಿಂದ ಹೊರಬರಬೇಡಿ. ಪರಿಶೀಲನೆಯ ದಿನಕ್ಕೆ ಮುನ್ನವೇ ಅದು ಆಗಿರಬೇಕು. ಬಿಡುಗಡೆ ಆದೇಶದ ದೃಢೀಕೃತ ಪ್ರತಿ ಕಡತದ ಮೊದಲ ಹಾಳೆಯಾಗಿರಲಿ.

ಐದನೇ ಹೆಜ್ಜೆ: ಪ್ರಚಾರದಲ್ಲಿ ಶಾಲೆಯನ್ನು ದೂರವಿಡುವುದು

ಹಣದ ಮಾತನ್ನು ಬೇಗ ಮುಗಿಸುತ್ತೇನೆ. ವಿಧಾನಸಭಾ ಅಭ್ಯರ್ಥಿಯ ವೆಚ್ಚದ ಮಿತಿ 2022ರಿಂದ ₹40 ಲಕ್ಷ. ನಾಮಪತ್ರಕ್ಕೆ ಒಂದು ದಿನ ಮೊದಲಾದರೂ ಚುನಾವಣೆಗೆಂದೇ ಪ್ರತ್ಯೇಕ ಬ್ಯಾಂಕ್ ಖಾತೆ ತೆರೆಯಬೇಕು, ಒಬ್ಬರಿಗೆ ಒಟ್ಟು ₹10,000ಕ್ಕಿಂತ ಹೆಚ್ಚು ನಗದು ಕೊಡುವಂತಿಲ್ಲ. ಜೀಪಿನ ಬಾಡಿಗೆ, ಪೆಂಡಾಲು, ಊಟ ಎಲ್ಲವೂ ಆ ಖಾತೆಯಿಂದಲೇ ಹೋಗಲಿ. ಮಿತಿ ನಲವತ್ತು ಲಕ್ಷವೆಂದ ಮಾತ್ರಕ್ಕೆ ಅಷ್ಟನ್ನೂ ಸಾಲ ಮಾಡಿ ಖರ್ಚು ಮಾಡಬೇಕೆಂದಿಲ್ಲ. ತೋಟ ಅಡವಿಟ್ಟು ಚುನಾವಣೆಗೆ ಇಳಿಯುವುದನ್ನು ನಾನು ಯಾರಿಗೂ ಸಲಹೆ ಮಾಡುವುದಿಲ್ಲ.

ಶಿಕ್ಷಕ ಅಭ್ಯರ್ಥಿಗೆ ನಿಜವಾದ ಅಪಾಯ ಬರುವುದು ಪ್ರೀತಿಯಿಂದಲೇ. ನಿನ್ನೆಯವರೆಗೆ ಪಕ್ಕದ ಕುರ್ಚಿಯಲ್ಲಿ ಕೂತಿದ್ದ ಸಹೋದ್ಯೋಗಿಗಳು ಸಹಾಯ ಮಾಡಲು ಮುಂದೆ ಬರುತ್ತಾರೆ. ಸರ್ಕಾರಿ ನೌಕರರಿಂದ ಚುನಾವಣಾ ನೆರವು ಪಡೆಯುವುದು ಜನಪ್ರತಿನಿಧಿ ಕಾಯ್ದೆಯ 123ನೇ ಸೆಕ್ಷನ್ ಪ್ರಕಾರ ಭ್ರಷ್ಟ ನಡವಳಿಕೆ, ಆಯ್ಕೆಯೇ ರದ್ದಾಗಬಹುದು. ಸರ್ಕಾರಿ ನೌಕರರು ಅಭ್ಯರ್ಥಿಯ ಚುನಾವಣಾ ಏಜೆಂಟ್, ಮತಗಟ್ಟೆ ಏಜೆಂಟ್ ಅಥವಾ ಎಣಿಕೆ ಏಜೆಂಟ್ ಆದರೆ ಮೂರು ತಿಂಗಳವರೆಗೆ ಸೆರೆವಾಸಕ್ಕೆ ಅವಕಾಶವಿದೆ. ಬಿಎಲ್‌ಒಗಳಲ್ಲಿ (ಮತಗಟ್ಟೆ ಮಟ್ಟದ ಅಧಿಕಾರಿಗಳಲ್ಲಿ), ಮತಗಟ್ಟೆ ಸಿಬ್ಬಂದಿಯಲ್ಲಿ ಬಹುಪಾಲು ಶಿಕ್ಷಕರೇ ಆಗಿರುವ ನಮ್ಮ ಜಿಲ್ಲೆಯಲ್ಲಿ, ಅವರ ಮನೆಗೆ ಚಹಾಕ್ಕೆ ಹೋಗುವುದೂ ಸಂಶಯಕ್ಕೆ ಎಡೆಮಾಡುತ್ತದೆ. ಅವರಿಗೆ ಮೊದಲೇ ಫೋನು ಮಾಡಿ, "ಚುನಾವಣೆ ಮುಗಿಯುವವರೆಗೆ ನಾನು ನಿಮ್ಮನ್ನು ಕಾಣುವುದಿಲ್ಲ, ಬೇಸರ ಬೇಡ" ಎಂದು ಹೇಳಿಬಿಡುವುದು ಒಳ್ಳೆಯದು. ನಿಮ್ಮ ಸಂಗಾತಿಯೂ ಸರ್ಕಾರಿ ನೌಕರಿಯಲ್ಲಿದ್ದರೆ ಅವರು ಕರಪತ್ರ ಹಂಚುವಂತಿಲ್ಲ, ವೇದಿಕೆ ಹತ್ತುವಂತಿಲ್ಲ.

ಮಕ್ಕಳನ್ನು ಯಾವ ಕಾರಣಕ್ಕೂ ತರಬೇಡಿ. ಪ್ರಚಾರದಲ್ಲಿ ಮಕ್ಕಳ ಬಳಕೆಯನ್ನು ಚುನಾವಣಾ ಆಯೋಗ ಸಂಪೂರ್ಣವಾಗಿ ನಿಷೇಧಿಸಿ 2024ರ ಫೆಬ್ರವರಿಯಲ್ಲಿ ಮತ್ತೆ ಕಟ್ಟುನಿಟ್ಟಿನ ಆದೇಶ ಹೊರಡಿಸಿದೆ. ನಿಯಮವಿಲ್ಲದಿದ್ದರೂ ಒಬ್ಬ ಶಿಕ್ಷಕರು ಅದನ್ನು ಮಾಡಬಾರದು. ವಿದ್ಯಾರ್ಥಿಗಳ ಹಾಜರಿ ಪುಸ್ತಕದಿಂದ ಪೋಷಕರ ಮೊಬೈಲ್ ಸಂಖ್ಯೆ ತೆಗೆದುಕೊಳ್ಳುವುದು, ಶಾಲೆಯ ಪೋಷಕರ ಗುಂಪಿನಲ್ಲಿ ಚಿಹ್ನೆ ಹಾಕುವುದು ಇವೂ ಅದೇ ಜಾತಿಯ ತಪ್ಪುಗಳು. ಆ ಸಂಖ್ಯೆಗಳನ್ನು ಪೋಷಕರು ಕೊಟ್ಟದ್ದು ಮಗುವಿಗೆ ಜ್ವರ ಬಂದರೆ ತಿಳಿಸಲೆಂದು.

ಏಪ್ರಿಲ್ ಮೇ ತಿಂಗಳಲ್ಲಿ ಕೊಡವ ಮನೆತನಗಳ ನಡುವಿನ ಕೌಟುಂಬಿಕ ಹಾಕಿ ಪಂದ್ಯಾವಳಿಯ ಮೈದಾನಕ್ಕೆ ಇಡೀ ಜಿಲ್ಲೆಯೇ ಬರುತ್ತದೆ. ಆಟ ನೋಡಲು ಹೋಗಿ, ಕೈ ಮುಗಿಯಿರಿ, ಆದರೆ ಅಲ್ಲಿ ಮತ ಕೇಳಬೇಡಿ. ಒಕ್ಕದ, ಜಾತಿಯ, ಧರ್ಮದ, ಭಾಷೆಯ ಹೆಸರಿನಲ್ಲಿ ಮತ ಯಾಚಿಸುವುದೂ ಭ್ರಷ್ಟ ನಡವಳಿಕೆಯೇ. ಕೊಡವ ತಕ್ಕ್, ಅರೆಭಾಷೆ, ತುಳು, ಮಲಯಾಳಂ, ಬ್ಯಾರಿ, ಯರವರ ಮಾತು ಎಲ್ಲವೂ ಕಿವಿಗೆ ಬೀಳುವ ಈ ಜಿಲ್ಲೆಯಲ್ಲಿ ಆಯಾ ಮನೆಯ ಮಾತಿನಲ್ಲಿ ಕುಶಲ ಕೇಳುವುದು ಸೌಜನ್ಯ, ನಮ್ಮವರು ತಮ್ಮವರು ಎಂಬ ಗೆರೆ ಎಳೆಯುವುದು ಅಪರಾಧ. ತೋಟದ ಲೈನ್ ಮನೆಗಳಿಗೆ ಸಂಜೆ ಐದರ ಮೇಲೆ ಹೋದರೆ ಜನ ಸಿಗುತ್ತಾರೆ, ಆದರೆ ಕತ್ತಲಾದ ಮೇಲೆ ಆನೆ ಓಡಾಡುವ ದಾರಿಗಳಲ್ಲಿ ಕಾರ್ಯಕರ್ತರನ್ನು ನಡೆಸಿಕೊಂಡು ಹೋಗುವುದು ಬೇಜವಾಬ್ದಾರಿ. ಅಂಥ ಕಡೆಗೆ ಭಾನುವಾರದ ಬೆಳಿಗ್ಗೆ ಮೀಸಲಿಡಿ. ಹಾಡಿಗಳಲ್ಲಿ ಅರಣ್ಯ ಹಕ್ಕು ಪತ್ರದ ಬಗ್ಗೆ ಕೇಳಿದಾಗ "ಕೊಡಿಸುತ್ತೇನೆ" ಎನ್ನುವ ಮುಂಚೆ 2006ರ ಕಾಯ್ದೆಯಲ್ಲಿ ಗ್ರಾಮಸಭೆಗೆ ಏನು ಅಧಿಕಾರವಿದೆ, ಉಪವಿಭಾಗ ಮಟ್ಟದ ಸಮಿತಿಯಲ್ಲಿ ಅರ್ಜಿ ಎಲ್ಲಿ ನಿಂತಿದೆ ಎಂದು ಓದಿಕೊಂಡು ಹೋಗಿ. ಪಾಠಕ್ಕೆ ಮುನ್ನ ತಯಾರಿ ಮಾಡಿಕೊಳ್ಳುವ ಅಭ್ಯಾಸ ನಿಮಗೆ ಹೇಗೂ ಇದೆ. ಉಳಿದ ಅಭ್ಯರ್ಥಿಗಳಿಗಿಂತ ನಿಮಗಿರುವ ನಿಜವಾದ ಅನುಕೂಲ ಅದೇ. 2018ರ ಭೂಕುಸಿತದ ಊರುಗಳಲ್ಲಿ, ಮಕ್ಕಳ ಸಂಖ್ಯೆ ಕುಸಿದು ಮುಚ್ಚುವ ಅಂಚಿನಲ್ಲಿರುವ ಶಾಲೆಗಳ ಊರುಗಳಲ್ಲಿ ಜನ ಕೇಳುವ ಪ್ರಶ್ನೆಗಳನ್ನು ಒಂದು ನೋಟ್ ಪುಸ್ತಕದಲ್ಲಿ ದಿನಾಂಕ ಹಾಕಿ ಬರೆಯಿರಿ. ಗೆದ್ದರೆ ಅದು ಸದನದಲ್ಲಿ ಕೇಳುವ ಪ್ರಶ್ನೆಗಳ ಪಟ್ಟಿಯಾಗುತ್ತದೆ.

ಮತದಾನ ಮುಗಿಯುವ ಹೊತ್ತಿಗೆ 48 ಗಂಟೆ ಮುಂಚೆ ಬಹಿರಂಗ ಪ್ರಚಾರ ನಿಲ್ಲಬೇಕು. ಮತಗಟ್ಟೆ ಏಜೆಂಟರ ನೇಮಕದ ನಮೂನೆ 10ಕ್ಕೆ ಅಷ್ಟರೊಳಗೆ ಸಹಿ ಆಗಿರಲಿ. ಎರಡೂ ಕ್ಷೇತ್ರ ಸೇರಿ ಐನೂರಕ್ಕೂ ಹೆಚ್ಚು ಮತಗಟ್ಟೆಗಳಿರುವ ಜಿಲ್ಲೆಯಲ್ಲಿ ದೂರದ ಒಂದೊಂದಕ್ಕೆ ತಲುಪಲು ಅರ್ಧ ದಿನ ಬೇಕು.

ಕೊನೆಯ ಹೆಜ್ಜೆ: ಲೆಕ್ಕ ಒಪ್ಪಿಸುವುದು

ಗೆದ್ದರೂ ಸೋತರೂ ಫಲಿತಾಂಶ ಘೋಷಣೆಯಾದ 30 ದಿನಗಳೊಳಗೆ ಚುನಾವಣಾ ವೆಚ್ಚದ ಲೆಕ್ಕವನ್ನು ಜಿಲ್ಲಾ ಚುನಾವಣಾಧಿಕಾರಿಗೆ, ಅಂದರೆ ಮಡಿಕೇರಿಯ ಜಿಲ್ಲಾಧಿಕಾರಿ ಕಚೇರಿಗೆ, ಸಲ್ಲಿಸಬೇಕು. ಸೋತವರು ಬೇಸರದಲ್ಲಿ ಇದನ್ನು ಮರೆಯುತ್ತಾರೆ. ಸರಿಯಾದ ಕಾರಣವಿಲ್ಲದೆ ಲೆಕ್ಕ ಕೊಡದಿದ್ದರೆ ಚುನಾವಣಾ ಆಯೋಗ ಮೂರು ವರ್ಷ ಅನರ್ಹಗೊಳಿಸಬಹುದು. ಮೇ ತಿಂಗಳಲ್ಲಿ ಫಲಿತಾಂಶ ಬಂದರೆ ಗಡುವು ಬೀಳುವುದು ಮಳೆ ಹಿಡಿಯುವ ಜೂನ್‌ನಲ್ಲಿ. ರಸೀದಿಗಳನ್ನು ದಿನಾಂಕವಾರು ಜೋಡಿಸಿ, ಪ್ಲಾಸ್ಟಿಕ್ ಲಕೋಟೆಯಲ್ಲಿ ಹಾಕಿ, ದಿನವಹಿ ಪುಸ್ತಕ ಮತ್ತು ಬ್ಯಾಂಕ್ ಪಾಸ್‌ಬುಕ್ಕಿನ ಪ್ರತಿಯೊಂದಿಗೆ ಖುದ್ದಾಗಿ ಹೋಗಿ ಕೊಟ್ಟು, ಸ್ವೀಕೃತಿಯ ಮೇಲೆ ಮೊಹರು, ದಿನಾಂಕ ಎರಡೂ ಇವೆಯೇ ಎಂದು ಅಲ್ಲಿಯೇ ನೋಡಿಕೊಂಡು ಬನ್ನಿ.